ಸಿವಿಟಿ: ಹೊರಹೋಗುವ ದಾರಿ ಕಟ್ಟಿದರೆ ಮೆದುಳಿಗೆ ಒಳಬರುವ ರಕ್ತ ಯಾಕೆ ಕಡಿಮೆಯಾಗುತ್ತೆ?

ನ್ಯೂರೋಐಸಿಯು_ಪಾಠ (ಬೆಂಗಳೂರು):

ಎಲ್ಲರಿಗೂ ನಮಸ್ಕಾರ. ನ್ಯೂರೋ ಐಸಿಯುಗೆ ಹೊಸದಾಗಿ ಸೇರುವ ಸ್ಟಾಫ್ ನರ್ಸ್‌ಗಳಿಗೆ ಕನ್ನಡದಲ್ಲಿ ಪಾಠದ ಟಿಪ್ಪಣಿ ಮಾಡುತ್ತಿದ್ದೇನೆ. ಈ ಸಲದ ವಿಷಯ ಸಿವಿಟಿ, ಅಂದರೆ ಮೆದುಳಿನ ಅಭಿಧಮನಿಗಳಲ್ಲೋ ಅವುಗಳ ರಕ್ತ ಬಂದು ಸೇರುವ ದೊಡ್ಡ ಕಾಲುವೆಗಳಾದ ಸೈನಸ್‌ಗಳಲ್ಲೋ ರಕ್ತ ಹೆಪ್ಪುಗಟ್ಟುವುದು. ಅಪಧಮನಿ ಮುಚ್ಚಿಕೊಂಡು ಸ್ಟ್ರೋಕ್ ಆಗುವುದನ್ನು ವಿವರಿಸುವುದು ಕಷ್ಟವಲ್ಲ, ರಕ್ತ ಬರುವುದೇ ನಿಂತಿತು ಅಂದರೆ ಮುಗಿಯಿತು. ಸಿವಿಟಿಯಲ್ಲಿ ಅಪಧಮನಿಗಳೆಲ್ಲ ತೆರೆದೇ ಇರುತ್ತವೆ. ಸಿಂಕಿನ ಕೆಳಗಿನ ಪೈಪ್ ಕಟ್ಟಿಕೊಂಡರೆ ಮೇಲಿನ ನಲ್ಲಿ ನಿಲ್ಲುವುದಿಲ್ಲವಲ್ಲ, ಮತ್ತೆ ಮೆದುಳಿಗೆ ರಕ್ತ ಯಾಕೆ ಕಡಿಮೆಯಾಗಬೇಕು ಅಂತ ತರಗತಿಯಲ್ಲಿ ಕೇಳುತ್ತಾರೆ. "ಒತ್ತಡ ಏರುತ್ತೆ" ಅಂದರೆ ಅವರಿಗೆ ಸಾಲದು, ಲೆಕ್ಕ ಬೇಕು.

ಇನ್ನೆರಡು ಪ್ರಶ್ನೆ. ಮೆದುಳಿನ ರಕ್ತದ ಹರಿವು ಅಳೆಯುವ ಪರ್ಫ್ಯೂಷನ್ ಸಿಟಿ ರಿಪೋರ್ಟಿನಲ್ಲಿ ಸಿಬಿವಿ (ಅಂಗಾಂಶದಲ್ಲಿ ತುಂಬಿರುವ ರಕ್ತ) ಜಾಸ್ತಿ, ಎಂಟಿಟಿ (ರಕ್ತ ದಾಟಿಹೋಗಲು ಹಿಡಿಯುವ ಸಮಯ) ಜಾಸ್ತಿ, ಸಿಬಿಎಫ್ (ನಿಮಿಷಕ್ಕೆ ಹರಿಯುವ ರಕ್ತ) ಸ್ವಲ್ಪ ಕಡಿಮೆ ಅಂತ ಬರುತ್ತೆ, ಅದನ್ನು ಹೇಗೆ ಓದಬೇಕು? ಮತ್ತೆ, ಸ್ಕ್ಯಾನಿನಲ್ಲಿ ರಕ್ತಸ್ರಾವ ಎದ್ದು ಕಾಣುತ್ತಿರುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಆರ್ಡರ್ ಬಂದರೆ ನರ್ಸ್‌ಗಳು ಸಹಜವಾಗಿಯೇ ಹಿಂಜರಿಯುತ್ತಾರೆ. ಅವರಿಗೆ ಏನು ಹೇಳಬೇಕು?

ನರವೈದ್ಯ_ಬಸವನಗುಡಿ:

ಸಿಂಕ್ ಮೇಲುಗಡೆ ತೆರೆದಿರುತ್ತೆ, ತುಂಬಿದರೆ ಚೆಲ್ಲುತ್ತೆ. ತಲೆಬುರುಡೆಯಲ್ಲಿ ಚೆಲ್ಲಲು ಜಾಗವಿಲ್ಲ. ವ್ಯತ್ಯಾಸ ಇಷ್ಟೇ. ಇನ್ನು ಲೆಕ್ಕ.

ಮೆದುಳಿನ 100 ಗ್ರಾಂಗೆ ನಿಮಿಷಕ್ಕೆ ಸುಮಾರು 50 ಮಿಲೀ ರಕ್ತ ಬೇಕು. 1400 ಗ್ರಾಂ ಮೆದುಳಿಗೆ ಅದು 700 ಮಿಲೀ, ಹೃದಯ ಪಂಪ್ ಮಾಡುವುದರಲ್ಲಿ ಹೆಚ್ಚುಕಡಿಮೆ 15%. ಒಳಬಂದ 700 ಮಿಲೀ ಅದೇ ನಿಮಿಷದಲ್ಲಿ ಹೊರಗೂ ಹೋಗಬೇಕು. ಹೊರಪದರದ ಹೆಚ್ಚಿನ ರಕ್ತ ನೆತ್ತಿಯುದ್ದಕ್ಕೂ ಸಾಗುವ ಸುಪೀರಿಯರ್ ಸ್ಯಾಜಿಟಲ್ ಸೈನಸ್‌ಗೆ, ಅಲ್ಲಿಂದ ಟ್ರಾನ್ಸ್‌ವರ್ಸ್, ಸಿಗ್ಮಾಯ್ಡ್ ಸೈನಸ್ ದಾಟಿ ಕುತ್ತಿಗೆಯ ಜುಗುಲರ್ ಅಭಿಧಮನಿಗೆ ಇಳಿಯುತ್ತೆ. ಒಳಭಾಗದ ರಕ್ತ ವೇನ್ ಆಫ್ ಗೇಲನ್, ಸ್ಟ್ರೇಟ್ ಸೈನಸ್ ಮೂಲಕ ಬಂದು ಸೇರುತ್ತೆ. ಈ ಅಭಿಧಮನಿಗಳ ಗೋಡೆ ತೀರಾ ತೆಳು, ಒಳಗೆ ಕವಾಟಗಳಿಲ್ಲ. ಹಾಗಾಗಿ ಮುಂದೆ ತಡೆಯಾದರೆ ಒತ್ತಡ ನೇರವಾಗಿ ಹಿಂದಕ್ಕೆ, ಅತಿ ಸಣ್ಣ ರಕ್ತನಾಳಗಳಾದ ಕ್ಯಾಪಿಲರಿಗಳವರೆಗೂ ತಲುಪುತ್ತೆ.

ರಕ್ತವನ್ನು ತಳ್ಳುವುದು ಬರೀ ಬಿಪಿ ಅಲ್ಲ, ಎರಡು ತುದಿಗಳ ನಡುವಿನ ಒತ್ತಡದ ಅಂತರ. ಸರಾಸರಿ ಅಪಧಮನಿ ಒತ್ತಡದಿಂದ ಐಸಿಪಿ (ತಲೆಬುರುಡೆಯೊಳಗಿನ ಒತ್ತಡ) ಅಥವಾ ಅಭಿಧಮನಿಯ ಒತ್ತಡ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಳೆಯಬೇಕು. ಸರಾಸರಿ ಬಿಪಿ 90 ಮಿಮೀ, ಐಸಿಪಿ 10 ಇದ್ದರೆ ಅಂತರ 80. ಸೈನಸ್ ಕಟ್ಟಿ ಅಲ್ಲಿನ ಒತ್ತಡ 35ಕ್ಕೆ ಏರಿತು ಅನ್ನಿ, ಅಂತರ 55ಕ್ಕೆ ಬಂತು. ಬಿಪಿ ಮಾನಿಟರ್ ಒಂದು ಅಂಕಿಯೂ ಬದಲಾಗಿಲ್ಲ, ಆದರೆ ಮೆದುಳಿಗೆ ಸಿಗುವ ಒತ್ತಡ ಮೂರರಲ್ಲಿ ಒಂದು ಪಾಲು ಹೋಯಿತು. ನಿಮ್ಮ ತರಗತಿಗೆ ಬೇಕಾದ ಉತ್ತರ ಇದು.

ಆದರೆ ರಕ್ತಪ್ರವಾಹ ಕೂಡಲೇ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಅಂತರ ಕಡಿಮೆಯಾದಾಗ ಸಣ್ಣ ಅಪಧಮನಿಗಳು ಹಿಗ್ಗಿ ಪ್ರವಾಹವನ್ನು ಕಾಪಾಡುತ್ತವೆ. ಸಿವಿಟಿಯಲ್ಲಿ ಈ ಕಾಪಾಡುವಿಕೆಯೇ ತೊಂದರೆಗೂ ದಾರಿ. ಹಿಗ್ಗಿದ ನಾಳಗಳಲ್ಲಿ ರಕ್ತ ಹೆಚ್ಚು ತುಂಬುತ್ತೆ, ಬುರುಡೆಯೊಳಗಿನ ಗಾತ್ರ ಏರುತ್ತೆ, ಐಸಿಪಿ ಏರುತ್ತೆ, ಅಂತರ ಇನ್ನೂ ಕುಗ್ಗುತ್ತೆ. ಜೊತೆಗೆ ಕ್ಯಾಪಿಲರಿ ಒತ್ತಡ ಹೆಚ್ಚಿ ನೀರು ಅಂಗಾಂಶಕ್ಕೆ ಸೋರುತ್ತೆ, ಬಾವು ಬರುತ್ತೆ. ಬಾವು ಕ್ಯಾಪಿಲರಿಗಳನ್ನು ಹೊರಗಿನಿಂದ ಒತ್ತುತ್ತೆ. ಈ ಹಂತ ದಾಟಿದ ಮೇಲೆ ಪ್ರವಾಹ ನಿಜಕ್ಕೂ ಬೀಳುತ್ತೆ, ಜೀವಕೋಶಗಳೇ ಊದಿಕೊಳ್ಳುವ ಎರಡನೆಯ ಬಗೆಯ ಬಾವು ಶುರುವಾಗುತ್ತೆ. ಸಿವಿಟಿಯಲ್ಲಿ ಈ ಎರಡೂ ಬಗೆ ಅಕ್ಕಪಕ್ಕದಲ್ಲೇ ಇರುತ್ತವೆ.

ಸಿಎಸ್‌ಎಫ್, ಅಂದರೆ ಮೆದುಳಿನ ಸುತ್ತಲಿನ ನೀರಿನಂಥ ದ್ರವ, ಅದರ ವಿಚಾರ ಬಿಡಬೇಡಿ. ದಿನಕ್ಕೆ ಸುಮಾರು 500 ಮಿಲೀ ಹುಟ್ಟುತ್ತೆ, ಅದರ ಬಹುಪಾಲು ಇಂಗುವುದು ಇದೇ ಸೈನಸ್‌ಗಳಿಗೆ. ಸೈನಸ್ ಒತ್ತಡಕ್ಕಿಂತ ಸಿಎಸ್‌ಎಫ್ ಒತ್ತಡ ಕೆಲವು ಮಿಮೀ ಹೆಚ್ಚಿದ್ದರೆ ಮಾತ್ರ ಅದು ಇಂಗುತ್ತೆ. ಸೈನಸ್ ಒತ್ತಡ ಏರಿದರೆ ಅದನ್ನು ಮೀರುವವರೆಗೂ ಐಸಿಪಿ ಏರಲೇಬೇಕು. ಬರೀ ತಲೆನೋವು, ಕಣ್ಣು ಮಂಜು, ಡಿಸ್ಕ್ ಊತ (ಕಣ್ಣಿನ ಹಿಂಭಾಗದಲ್ಲಿ ನರದ ಬುಡ ಊದುವುದು), ಆದರೆ ಕೈಕಾಲು ಸರಿ ಇರುವ ರೋಗಿಯಲ್ಲಿ ನಡೆಯುತ್ತಿರುವುದು ಇದು.

ಇನ್ನು, ಒಬ್ಬರಿಗೆ ಇಡೀ ಸ್ಯಾಜಿಟಲ್ ಸೈನಸ್ ಮುಚ್ಚಿದ್ದರೂ ಬರೀ ತಲೆನೋವು, ಇನ್ನೊಬ್ಬರಿಗೆ ಚಿಕ್ಕ ಕ್ಲಾಟ್‌ಗೇ (ರಕ್ತದ ಹೆಪ್ಪಿಗೇ) ಲಕ್ವ ಹೊಡೆಯುವುದು ಯಾಕೆ? ಸೈನಸ್ ಮಾತ್ರ ಮುಚ್ಚಿದರೆ ರಕ್ತ ಪಕ್ಕದ ದಾರಿ ಹಿಡಿಯುತ್ತೆ: ಟ್ರೋಲಾರ್, ಲಾಬೆ ಎಂಬ ಹೊರಪದರದ ಅಭಿಧಮನಿಗಳು, ನೆತ್ತಿಯ ಚರ್ಮದ ಅಭಿಧಮನಿಗಳು. ಕ್ಲಾಟ್ ಸೈನಸ್‌ನಿಂದ ಹಿಂದಕ್ಕೆ ಬೆಳೆದು ಹೊರಪದರದ ಸಣ್ಣ ಅಭಿಧಮನಿಗಳ ಬಾಯಿಗೆ ತಲುಪಿದಾಗ ಪಕ್ಕದ ದಾರಿಯೂ ಮುಚ್ಚುತ್ತೆ, ಅಂಗಾಂಶ ಸಾಯಲು ಶುರುವಾಗುವುದು ಆಗ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲೂ ಇದೇ ಕಂಡದ್ದು. ಈ ಒಂದು ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ, ಯಾಕೆಂದರೆ ಹೆಪಾರಿನ್‌ನ ತರ್ಕ ಇದರ ಮೇಲೆ ನಿಂತಿದೆ.

ಕೊನೆಗೆ ಮಿತಿಗಳು. 100 ಗ್ರಾಂಗೆ 20 ಮಿಲೀಗಿಂತ ಕೆಳಗೆ ಹೋದರೆ ನರಕೋಶ ಕೆಲಸ ನಿಲ್ಲಿಸುತ್ತೆ, 10ರ ಆಸುಪಾಸಿಗೆ ಬಂದರೆ ಸಾಯುತ್ತೆ. ಅಪಧಮನಿ ಸ್ಟ್ರೋಕ್‌ನ ನಡುಭಾಗ ನಿಮಿಷಗಳಲ್ಲಿ 10ರ ಕೆಳಗಿರುತ್ತೆ. ಸಿವಿಟಿಯಲ್ಲಿ ಬಹಳಷ್ಟು ಭಾಗ ಕೆಲಸ ನಿಂತು ಜೀವ ಉಳಿದ ಸ್ಥಿತಿಯಲ್ಲೇ ದಿನಗಟ್ಟಲೆ ಇರಬಲ್ಲದು. 2004ರಲ್ಲಿ ಪ್ರಕಟವಾದ 624 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಚೇತರಿಸಿಕೊಂಡಿದ್ದರು. ಮೊದಲ ದಿನದ ಸ್ಕ್ಯಾನ್ ನೋಡಿ ಮನೆಯವರಿಗೆ "ಇನ್ನು ಆಸೆ ಇಲ್ಲ" ಅನ್ನುವುದು ಈ ಕಾಯಿಲೆಯಲ್ಲಿ ದೊಡ್ಡ ಅನ್ಯಾಯ.

ಇಮೇಜಿಂಗ್_ಕನ್ನಡಿಗ:

ಮೇಲಿನ ಸರ್ ಹೇಳಿದ್ದು ಪರ್ಫ್ಯೂಷನ್ ಅಂಕಿಗಳಲ್ಲಿ ಹಾಗೆಯೇ ಕಾಣುತ್ತೆ. ಸೂತ್ರ ಒಂದೇ: ಎಂಟಿಟಿ ಅಂದರೆ ಸಿಬಿವಿಯನ್ನು ಸಿಬಿಎಫ್‌ನಿಂದ ಭಾಗಿಸಿದ್ದು. ಸಾಮಾನ್ಯ ಅಂಗಾಂಶದಲ್ಲಿ 100 ಗ್ರಾಂಗೆ 4 ಮಿಲೀ ರಕ್ತ ತುಂಬಿದೆ, ನಿಮಿಷಕ್ಕೆ 50 ಮಿಲೀ ಹರಿಯುತ್ತಿದೆ ಅಂದರೆ ರಕ್ತ ಒಳಗೆ ಕಳೆಯುವ ಸಮಯ 4.8 ಸೆಕೆಂಡ್. ಸಿವಿಟಿಯಲ್ಲಿ ರಕ್ತ ಕಟ್ಟಿಕೊಂಡು ಸಿಬಿವಿ 6 ಆಯಿತು, ಸಿಬಿಎಫ್ 40ಕ್ಕೆ ಇಳಿಯಿತು ಅನ್ನಿ, ಎಂಟಿಟಿ 9 ಸೆಕೆಂಡ್. ಹರಿವು ಇಳಿದದ್ದು ಐದರಲ್ಲಿ ಒಂದು ಪಾಲು, ಸಮಯ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟು. ಅದಕ್ಕೇ ಎಂಟಿಟಿ ಚಿತ್ರ ಕೆಂಪು ಕೆಂಪಾಗಿ ಹೆದರಿಸುತ್ತೆ, ಸಿಬಿಎಫ್ ಚಿತ್ರ ಅಷ್ಟೇನೂ ಕೆಟ್ಟಿರುವುದಿಲ್ಲ. ಅಪಧಮನಿ ಸ್ಟ್ರೋಕ್‌ನ ಸತ್ತ ಭಾಗದಲ್ಲಿ ಸಿಬಿವಿಯೂ ಬಿದ್ದಿರುತ್ತೆ. ಸಿಬಿವಿ ಏರಿದೆಯೋ ಬಿದ್ದಿದೆಯೋ ಅನ್ನುವುದನ್ನೇ ಮೊದಲು ನೋಡಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಆಟೊಮ್ಯಾಟಿಕ್ ಸಾಫ್ಟ್‌ವೇರ್‌ನ ಮಿತಿಗಳು, ಅಂದರೆ ಸಿಬಿಎಫ್ ಸಹಜದ 30%ಗಿಂತ ಕಡಿಮೆ ಇದ್ದರೆ ಸತ್ತ ಭಾಗ, ಟಿಮ್ಯಾಕ್ಸ್ (ರಕ್ತ ತಲುಪುವುದರಲ್ಲಿನ ತಡ) 6 ಸೆಕೆಂಡ್ ಮೀರಿದರೆ ಅಪಾಯದ ಭಾಗ ಅನ್ನುವುದು, ಅಪಧಮನಿ ಸ್ಟ್ರೋಕ್‌ಗೆಂದೇ ಮಾಡಿದ್ದು. ಸಿವಿಟಿಯಲ್ಲಿ ಆ ಬಣ್ಣದ ಚಿತ್ರವನ್ನು ನಂಬಿ ನಿರ್ಧಾರ ಮಾಡಬೇಡಿ.

ಎರಡನೆಯದನ್ನು ಗಮನಿಸುವವರು ಕಡಿಮೆ. ಸಾಫ್ಟ್‌ವೇರ್ ಅಪಧಮನಿಯ ಒಂದು ಬಿಂದು, ಅಭಿಧಮನಿಯ ಒಂದು ಬಿಂದು ಆರಿಸಿಕೊಂಡು ಲೆಕ್ಕ ಹಾಕುತ್ತೆ. ಅಭಿಧಮನಿಯ ಬಿಂದು ಸಾಮಾನ್ಯವಾಗಿ ಸ್ಯಾಜಿಟಲ್ ಸೈನಸ್‌ನ ಹಿಂಭಾಗದಲ್ಲೇ ಕೂರುತ್ತೆ. ಅದೇ ಸೈನಸ್‌ನಲ್ಲಿ ಕ್ಲಾಟ್ ಇದ್ದರೆ ಕಾಂಟ್ರಾಸ್ಟ್‌ನ (ಸ್ಕ್ಯಾನಿಗೆಂದು ರಕ್ತಕ್ಕೆ ಕೊಟ್ಟ ಔಷಧದ) ಏರಿಳಿತದ ಗೆರೆ ಚಪ್ಪಟೆಯಾಗಿ ಬರುತ್ತೆ. ಅಪಧಮನಿಯ ಅಂಕಿಯನ್ನು ಅದಕ್ಕೆ ಹೊಂದಿಸಿದಾಗ ಅದು ಇರುವುದಕ್ಕಿಂತ ಕಡಿಮೆಯಾಗುತ್ತೆ, ಆಗ ಸಿಬಿವಿ, ಸಿಬಿಎಫ್ ಎರಡೂ ನಿಜಕ್ಕಿಂತ ಹೆಚ್ಚಾಗಿ ತೋರುತ್ತವೆ. ಕನ್ಸೋಲಿನಲ್ಲಿ ಆ ಗೆರೆಯನ್ನು ತೆರೆದು ನೋಡಿ. ಚೂಪಾದ ಶಿಖರ ಇಲ್ಲದಿದ್ದರೆ ಬಿಂದುವನ್ನು ತೆರೆದಿರುವ ಸೈನಸ್‌ಗೆ ಕೈಯಾರೆ ಸರಿಸಿ ಮತ್ತೆ ಲೆಕ್ಕ ಹಾಕಿಸಿ.

ಪರ್ಫ್ಯೂಷನ್ ಇಲ್ಲದೆಯೂ ರೋಗ ಹಿಡಿಯಬಹುದು, ಹಿಡಿಯಲೇಬೇಕು. ಕಾಂಟ್ರಾಸ್ಟ್ ಇಲ್ಲದ ಸಿಟಿ ಎಷ್ಟೋ ಜನರಲ್ಲಿ ನಾರ್ಮಲ್ ಇರುತ್ತೆ, ಅದೊಂದನ್ನೇ ನೋಡಿ ಮನೆಗೆ ಕಳಿಸುವುದು ತಪ್ಪು. ಸೈನಸ್ ಬೆಳ್ಳಗೆ ಕಂಡರೆ ಹಿಮ್ಯಾಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಜೊತೆ ಹೋಲಿಸಿ ನೋಡಿ: ನೀರಿನಂಶ ಕಡಿಮೆಯಾಗಿ ರಕ್ತ ಗಟ್ಟಿಯಾಗಿದ್ದರೆ ಕ್ಲಾಟ್ ಇಲ್ಲದೆಯೂ ಬೆಳ್ಳಗಿರುತ್ತೆ, ರಕ್ತಹೀನತೆ ಇದ್ದರೆ ಕ್ಲಾಟ್ ಕೂಡ ಅಷ್ಟು ಬೆಳ್ಳಗೆ ಕಾಣಲಿಕ್ಕಿಲ್ಲ. ಕಾಂಟ್ರಾಸ್ಟ್ ಇಲ್ಲದ ಎಂಆರ್ ವೀನೋಗ್ರಾಮ್‌ನಲ್ಲಿ (ಅಭಿಧಮನಿಗಳ ಎಂಆರ್‌ಐ ಚಿತ್ರದಲ್ಲಿ) ಎಡ ಟ್ರಾನ್ಸ್‌ವರ್ಸ್ ಸೈನಸ್ ಕಾಣದಿದ್ದರೆ ಕೂಡಲೇ ಕ್ಲಾಟ್ ಅನ್ನಬೇಡಿ, ಹಲವರಿಗೆ ಹುಟ್ಟಿನಿಂದಲೇ ಅದು ಸಣ್ಣದು. ಅದೇ ಬದಿಯ ಜುಗುಲರ್ ರಂಧ್ರ ಮತ್ತು ಮೂಳೆಯ ಮೇಲಿನ ಸಿಗ್ಮಾಯ್ಡ್ ಗುಂಡಿಯೂ ಸಣ್ಣದಿದ್ದರೆ ಅದು ಹುಟ್ಟಿನ ಗಾತ್ರ. ಗುಂಡಿ ದೊಡ್ಡದಿದ್ದು ಹರಿವು ಇಲ್ಲದಿದ್ದರೆ ಅನುಮಾನಿಸಿ. ಮೊದಲ ನಾಲ್ಕೈದು ದಿನ ಎಂಆರ್‌ಐನ ಟಿ2 ಚಿತ್ರದಲ್ಲಿ ಕ್ಲಾಟ್ ಕಪ್ಪಾಗಿ, ಹರಿಯುವ ರಕ್ತದಂತೆಯೇ ಕಂಡು ಮೋಸ ಮಾಡುತ್ತೆ. ಆಗ ಎಸ್‌ಡಬ್ಲ್ಯುಐ (ರಕ್ತದ ಅಂಶವನ್ನು ಎತ್ತಿ ತೋರಿಸುವ ಎಂಆರ್‌ಐ ಬಗೆ) ನೋಡಿ. ಹರಿವು ಕಡಿಮೆಯಾದಾಗ ಅಂಗಾಂಶ ರಕ್ತದಿಂದ ಹೆಚ್ಚು ಆಮ್ಲಜನಕ ಹೀರುವುದರಿಂದ ಸುತ್ತಲಿನ ಅಭಿಧಮನಿಗಳೂ ಅದರಲ್ಲಿ ದಪ್ಪಗೆ, ಕಪ್ಪಗೆ ಕಾಣುತ್ತವೆ.

ನ್ಯೂರೋಐಸಿಯು_ಪಾಠ:

ಇಬ್ಬರಿಗೂ ಧನ್ಯವಾದ ಸರ್. 90, 35, 55ರ ಲೆಕ್ಕ ನೇರವಾಗಿ ಬೋರ್ಡ್ ಮೇಲೆ ಹೋಗುತ್ತೆ. ಈಗ ಬೆಡ್ ಪಕ್ಕದ ವಿಷಯ: ಹೆಪಾರಿನ್, ಬಿಪಿ ಗುರಿ, ಭಂಗಿ. ರಕ್ತಸ್ರಾವ ಇರುವ ರೋಗಿಯ ಸಿಸ್ಟೋಲಿಕ್ 150 ಇದ್ದರೆ ಇಳಿಸಬೇಕೆ?

ತೀವ್ರನಿಗಾ_ಮಲ್ಲೇಶ್ವರ:

ಬಿಪಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಹಾನಿಯಾಗುವುದು ಅಲ್ಲೇ. ಬಿಪಿ ಹೆಚ್ಚಾಗಿ ನಾಳ ಒಡೆದ ರಕ್ತಸ್ರಾವದಲ್ಲಿ ಸಿಸ್ಟೋಲಿಕ್ ಅನ್ನು 140ರ ಹತ್ತಿರ ತರುವ ಅಭ್ಯಾಸ ಎಲ್ಲರ ಕೈಯಲ್ಲೂ ಇದೆ. ಸಿವಿಟಿಯ ರಕ್ತಸ್ರಾವ ಬಂದಿರುವುದು ಅಭಿಧಮನಿ ಕಡೆಯಿಂದ ಹಿಂದಕ್ಕೆ ತಳ್ಳುವ ಒತ್ತಡದಿಂದ, ಅಪಧಮನಿಯ ಒತ್ತಡದಿಂದ ಅಲ್ಲ. 150/90 ಅಂದರೆ ಸರಾಸರಿ 110. ಅಭಿಧಮನಿಯ ಒತ್ತಡ 40 ಇದ್ದರೆ ಮೆದುಳಿಗೆ ಸಿಗುತ್ತಿರುವುದು 70. ಅಭ್ಯಾಸಬಲದಿಂದ 110/65ಕ್ಕೆ ಇಳಿಸಿದರೆ ಸರಾಸರಿ 80, ಸಿಗುವುದು 40. ಮಾನಿಟರ್ ಚೆನ್ನಾಗಿ ಕಾಣುತ್ತೆ, ರೋಗಿ ಮಂಕಾಗುತ್ತಾರೆ. ತೀರಾ ಹೆಚ್ಚಿದ್ದರೆ ಮಾತ್ರ ನಿಧಾನವಾಗಿ ಇಳಿಸಿ. ಐಸಿಪಿ ಅಳೆಯುತ್ತಿದ್ದರೆ ಅಂತರವನ್ನು 60ರಿಂದ 70ರಲ್ಲಿ ಇಡಿ.

ಹೆಪಾರಿನ್ ಕ್ಲಾಟ್ ಕರಗಿಸುವುದಿಲ್ಲ, ಕರಗಿಸುವುದು ದೇಹದ ಪ್ಲಾಸ್ಮಿನ್. ಹೆಪಾರಿನ್ ಮಾಡುವುದು ಕ್ಲಾಟ್ ಸಣ್ಣ ಅಭಿಧಮನಿಗಳ ಬಾಯಿಗೆ ಬೆಳೆಯದಂತೆ, ಪಕ್ಕದ ದಾರಿಗಳು ಮುಚ್ಚದಂತೆ ತಡೆಯುವುದು. ಅಭಿಧಮನಿ ಕಡೆಯ ಒತ್ತಡ ಇಳಿದರೆ ರಕ್ತ ಸೋರುವ ಕಾರಣವೇ ಇಳಿಯುತ್ತೆ. ನರ್ಸ್‌ಗಳಿಗೆ ಹೇಳಬೇಕಾದ್ದು ಇದನ್ನೇ. 1991ರ ಜರ್ಮನಿಯ ಸಣ್ಣ ಟ್ರಯಲ್‌ನಲ್ಲಿ ಇದ್ದದ್ದು 20 ರೋಗಿಗಳು, ಹೆಪಾರಿನ್ ಇಲ್ಲದ ಗುಂಪಿನಲ್ಲಿ ಮೂವರು ತೀರಿಕೊಂಡರು, ಹೆಪಾರಿನ್ ಗುಂಪಿನಲ್ಲಿ ಯಾರೂ ಇಲ್ಲ, ಟ್ರಯಲ್ ಅರ್ಧಕ್ಕೇ ನಿಂತಿತು. ಮೊದಲೇ ರಕ್ತಸ್ರಾವ ಇದ್ದವರೂ ಅದರಲ್ಲಿದ್ದರು. ನಮ್ಮ ನಿಮ್ಹಾನ್ಸ್‌ನಿಂದಲೂ 1995ರಲ್ಲಿ 57 ಬಾಣಂತಿಯರ ಟ್ರಯಲ್ ಪ್ರಕಟವಾಗಿದೆ.

ಎನಾಕ್ಸಪಾರಿನ್ (ಹೆಪಾರಿನ್‌ನದೇ ಒಂದು ಬಗೆ) ಕಿಲೋಗೆ 1 ಮಿಗ್ರಾಂ, 12 ಗಂಟೆಗೊಮ್ಮೆ, ಚರ್ಮದಡಿ. 60 ಕಿಲೋ ಇದ್ದರೆ 60 ಮಿಗ್ರಾಂನ ಸಿರಿಂಜ್ ಒಂದು ಪೂರ್ತಿ, ಒಳಗಿನ ಗಾಳಿಗುಳ್ಳೆ ಹೊರಹಾಕಬೇಡಿ. ಕಿಡ್ನಿ ಕೆಟ್ಟಿದ್ದರೆ, ಅಥವಾ ಆಪರೇಷನ್ ಬೇಕಾಗಬಹುದು ಅನ್ನಿಸಿದರೆ ಸಾದಾ ಹೆಪಾರಿನ್, ಬೇಕೆಂದಾಗ ನಿಲ್ಲಿಸಬಹುದು. ಬೋಲಸ್ ಕಿಲೋಗೆ 80 ಯೂನಿಟ್, ಆಮೇಲೆ ಗಂಟೆಗೆ ಕಿಲೋಗೆ 18. 60 ಕಿಲೋಗೆ 4800, ನಂತರ ಗಂಟೆಗೆ 1080. 500 ಮಿಲೀನಲ್ಲಿ 25,000 ಯೂನಿಟ್ ಹಾಕಿದರೆ ಮಿಲೀಗೆ 50, ಪಂಪ್ ಗಂಟೆಗೆ 21.6. ಆರು ಗಂಟೆ ಕಳೆದ ಮೇಲೆ ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ). 5 ಮಿಲೀ ವಯಲ್ ನಮ್ಮಲ್ಲಿ ಎರಡು ಬಗೆಯದು ಸಿಗುತ್ತೆ: ಮಿಲೀಗೆ 1000 ಮತ್ತು ಮಿಲೀಗೆ 5000. ಗಾತ್ರ ಒಂದೇ, ಒಳಗಿರುವುದು ಐದು ಪಟ್ಟು ವ್ಯತ್ಯಾಸ. ಇಬ್ಬರು ನರ್ಸ್‌ಗಳು ಲೇಬಲ್ ಗಟ್ಟಿಯಾಗಿ ಓದಿಯೇ ತುಂಬಿಸಬೇಕು. ಐದನೇ ದಿನದಿಂದ ಪ್ಲೇಟ್‌ಲೆಟ್ ಮೇಲೆ ಕಣ್ಣಿರಲಿ.

ಭಂಗಿ ಔಷಧದಷ್ಟೇ ಮುಖ್ಯ. ತಲೆ 30 ಡಿಗ್ರಿ, ಕುತ್ತಿಗೆ ನೇರ. ಕುತ್ತಿಗೆ ಒಂದು ಬದಿಗೆ ವಾಲಿದರೆ ಉಳಿದಿರುವ ಒಂದೇ ಜುಗುಲರ್ ಮಡಚಿಕೊಳ್ಳಬಹುದು. ಟ್ರಾಕಿಯಾಸ್ಟಮಿಯ ಪಟ್ಟಿ ಬಿಗಿಯಾಗಿದ್ದರೂ ಅದೇ ಗತಿ. ಸೆಂಟ್ರಲ್ ಲೈನ್ ಜುಗುಲರ್‌ಗೆ ಬೇಡ. ಪೀಪ್ (ಉಸಿರು ಬಿಟ್ಟ ಮೇಲೂ ವೆಂಟಿಲೇಟರ್ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಬೇಕಿರುವಷ್ಟೇ ಇಡಿ, ಕೆಮ್ಮು, ಮಲಬದ್ಧತೆ, ತುಂಬಿದ ಮೂತ್ರಚೀಲ ಎಲ್ಲವೂ ಎದೆ-ಹೊಟ್ಟೆಯ ಒತ್ತಡ ಏರಿಸಿ ಮೆದುಳಿನ ರಕ್ತ ಇಳಿಯುವುದನ್ನು ತಡೆಯುತ್ತವೆ. ರಕ್ತದ ಕಾರ್ಬನ್ ಡೈಆಕ್ಸೈಡ್ 35–40 ಮಿಮೀ. ಒಂದು ಮಿಮೀ ಬದಲಾದರೆ ಮೆದುಳಿನ ರಕ್ತಪ್ರವಾಹ ಸುಮಾರು 3% ಬದಲಾಗುತ್ತೆ, ಹಾಗಾಗಿ ವೇಗವಾಗಿ ಉಸಿರು ಕೊಟ್ಟು ಐಸಿಪಿ ಇಳಿಸುವುದು ಆಪರೇಷನ್ ಥಿಯೇಟರ್ ಸಿದ್ಧವಾಗುವವರೆಗಿನ ಉಪಾಯ ಮಾತ್ರ. ಮ್ಯಾನಿಟಾಲ್ ಕಿಲೋಗೆ ಅರ್ಧ ಗ್ರಾಂ ಅಂದರೆ 60 ಕಿಲೋಗೆ 20%ನದ್ದು 150 ಮಿಲೀ. ಹೋದ ಮೂತ್ರವನ್ನು ನಾರ್ಮಲ್ ಸಲೈನ್‌ನಿಂದ ತುಂಬಿಕೊಡಿ, ಇಲ್ಲವಾದರೆ ರಕ್ತ ಗಟ್ಟಿಯಾಗಿ ಕ್ಲಾಟ್‌ಗೆ ಇನ್ನಷ್ಟು ಅನುಕೂಲ. 5% ಡೆಕ್ಸ್‌ಟ್ರೋಸ್ ಬೇಡ, ಬಾವು ಹೆಚ್ಚಿಸುತ್ತೆ. ಫಿಟ್ಸ್ ಬಂದರೆ ತಡಮಾಡದೆ ನಿಲ್ಲಿಸಿ, ಒಂದೊಂದು ಫಿಟ್ಸ್‌ಗೂ ಆ ಭಾಗಕ್ಕೆ ರಕ್ತ ನುಗ್ಗಿ ಒತ್ತಡ ಏರುತ್ತೆ. ಎಚ್ಚರ ಇಳಿಯುತ್ತಿದ್ದು ಒಂದು ಬದಿಯ ಬಾವು ನಡುಗೆರೆಯನ್ನು ತಳ್ಳುತ್ತಿದ್ದರೆ ಬುರುಡೆಯ ಮೂಳೆ ತೆಗೆಯುವ ಆಪರೇಷನ್‌ಗೆ ತಡಮಾಡಬೇಡಿ. ಕಣ್ಣಿನ ಪಾಪೆ ದೊಡ್ಡದಾಗುವವರೆಗೆ ಬಿಟ್ಟರೆ ತಡವಾಯಿತು ಅಂತಲೇ ಅರ್ಥ.

ಹೆರಿಗೆವಾರ್ಡ್_ವೈದ್ಯೆ:

ಇದನ್ನೂ ಟಿಪ್ಪಣಿಗೆ ಸೇರಿಸಿ ಮೇಡಂ. ಹೆರಿಗೆಯಾದ ಮೇಲೆ ಆರು ವಾರ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತೆ: ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಜಾಸ್ತಿ, ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಎಸ್ ಕಡಿಮೆ. ಅದರ ಮೇಲೆ ರಕ್ತಹೀನತೆ, ಅದರ ಮೇಲೆ "ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ಬರುತ್ತೆ" ಅನ್ನುವ ಪದ್ಧತಿ. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಳ್ಳಲಿ, ತೊಂದರೆ ಇಲ್ಲ. ನೀರು ಮಾತ್ರ ತಡೆಯಬೇಡಿ, ದಯವಿಟ್ಟು. ಹಾಲೂಡಿಸುವ ತಾಯಿಗೆ ಬಾಯಾರಿದಷ್ಟೂ ನೀರು ಬೇಕು, ಡಿಸ್ಚಾರ್ಜ್ ದಿನ ಇದನ್ನು ಅಜ್ಜಿ, ಅತ್ತೆಯವರ ಎದುರಲ್ಲೇ ಹೇಳಿ.

ಬಾಣಂತಿಯ ತಲೆನೋವನ್ನು "ಥಂಡಿ ಆಗಿದೆ" ಅಂತ ಬಿಡುವುದು ಇನ್ನೊಂದು ಅಪಾಯ. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ನಂತರದ ತಲೆನೋವು ಎದ್ದು ಕೂತರೆ ಹೆಚ್ಚು, ಮಲಗಿದರೆ ಕಡಿಮೆ. ಸಿವಿಟಿಯದು ಸಾಮಾನ್ಯವಾಗಿ ಮಲಗಿದಾಗ, ಕೆಮ್ಮಿದಾಗ ಹೆಚ್ಚು. ಮೊದಲ ಬಗೆಯದಾಗಿ ಶುರುವಾದ ನೋವು ಭಂಗಿ ಬದಲಿಸಿದರೂ ಬದಲಾಗದೆ ನಿಂತುಬಿಟ್ಟರೆ, ಜೊತೆಗೆ ವಾಂತಿ, ಕಣ್ಣು ಮಂಜು, ಫಿಟ್ಸ್ ಯಾವುದಾದರೂ ಇದ್ದರೆ ಅವತ್ತೇ ವೀನೋಗ್ರಾಮ್ ಮಾಡಿಸಿ. ಹೆರಿಗೆ ನಂತರದ ಫಿಟ್ಸ್ ಎಲ್ಲವೂ ಎಕ್ಲಾಂಪ್ಸಿಯ (ಬಸಿರು-ಬಾಣಂತನದ ಬಿಪಿ ಏರಿಕೆಯ ಫಿಟ್ಸ್) ಅಲ್ಲ. ಡಿ-ಡೈಮರ್ (ಕ್ಲಾಟ್‌ನ ಸುಳಿವು ಕೊಡುವ ರಕ್ತಪರೀಕ್ಷೆ) ಈ ದಿನಗಳಲ್ಲಿ ಹೇಗೂ ಹೆಚ್ಚಿರುತ್ತೆ, ಅದರಿಂದ ಪ್ರಯೋಜನ ಕಡಿಮೆ.

ಎನಾಕ್ಸಪಾರಿನ್, ವಾರ್ಫರಿನ್ (ಕ್ಲಾಟ್ ತಡೆಯುವ ಹಳೆಯ ಮಾತ್ರೆ) ಎರಡರಲ್ಲೂ ಹಾಲೂಡಿಸಬಹುದು. ಡಾಬಿಗಾಟ್ರಾನ್ ತರಹದ ಹೊಸ ಮಾತ್ರೆಗಳಲ್ಲಿ ಬೇಡ. ಮುಂದೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಎಂದಿಗೂ ಬೇಡ, ಕಾಪರ್-ಟಿ ಆಗಬಹುದು. ಮುಂದಿನ ಗರ್ಭದಲ್ಲಿ ಕ್ಲಾಟ್ ತಡೆಯುವ ಇಂಜೆಕ್ಷನ್ ಬೇಕಾಗುತ್ತೆ ಅಂತ ತಾಯಿ ಕಾರ್ಡಿನಲ್ಲೇ ಬರೆದುಕೊಡಿ.

ನರವೈದ್ಯ_ಬಸವನಗುಡಿ:

ಮೇಡಂ ಹೇಳಿದ್ದು ಸರಿ, ಆದರೆ ಸಿವಿಟಿ ಬಾಣಂತಿಯರ ಕಾಯಿಲೆ ಮಾತ್ರ ಅಂತ ತರಗತಿಗೆ ಅನ್ನಿಸಬಾರದು. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಿಂದ 2012ರಲ್ಲಿ ಬಂದ 428 ರೋಗಿಗಳ ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡಸರು. ಕುಡಿತ, ಹೋಮೋಸಿಸ್ಟೀನ್ ಏರಿಕೆ, ರಕ್ತಹೀನತೆ ಎಲ್ಲವನ್ನೂ ವಿಚಾರಿಸಬೇಕು, ಬಿ12 ಕೂಡ ನೋಡಬೇಕು. ಪ್ರೋಟೀನ್ ಸಿ, ಎಸ್ ಪರೀಕ್ಷೆಯನ್ನು ಮೊದಲ ವಾರದಲ್ಲೋ ವಾರ್ಫರಿನ್ ಮೇಲಿರುವಾಗಲೋ ಕಳಿಸಿದರೆ ಅಂಕಿ ಇರುವುದಕ್ಕಿಂತ ಕಡಿಮೆ ಅಂತ ತಪ್ಪಾಗಿ ಬರುತ್ತೆ.

ಕ್ಯಾಥೆಟರ್ ಹಾಕಿ ಕ್ಲಾಟ್ ತೆಗೆಯಬಹುದಲ್ಲ ಅಂತ ಮನೆಯವರು ಕೇಳುತ್ತಾರೆ. 2020ರಲ್ಲಿ ಪ್ರಕಟವಾದ ಟೊ-ಆಕ್ಟ್ ಟ್ರಯಲ್‌ನಲ್ಲಿ 67 ರೋಗಿಗಳಲ್ಲಿ ಅದನ್ನು ಬರೀ ಔಷಧದೊಂದಿಗೆ ಹೋಲಿಸಿದರು, ಹೆಚ್ಚಿನ ಲಾಭ ಕಾಣಲಿಲ್ಲ. ಹೆಪಾರಿನ್ ಮೇಲಿದ್ದೂ ಕೆಡುತ್ತಲೇ ಹೋಗುವವರಿಗೆ ಮಾತ್ರ ಅದನ್ನು ಯೋಚಿಸುತ್ತೇವೆ. ಸ್ಟೀರಾಯ್ಡ್ ವಾಡಿಕೆಯಾಗಿ ಬೇಡ. ಸ್ಥಿರವಾದ ಮೇಲೆ ವಾರ್ಫರಿನ್, ಐಎನ್‌ಆರ್ (ವಾರ್ಫರಿನ್‌ನ ಪ್ರಭಾವ ಅಳೆಯುವ ಅಂಕಿ) 2ರಿಂದ 3, ಕಾರಣ ನೋಡಿಕೊಂಡು 3ರಿಂದ 12 ತಿಂಗಳು.

ಕಣ್ಣಿನ ವಿಚಾರ ಟಿಪ್ಪಣಿಯಲ್ಲಿ ತಪ್ಪಿಸಬೇಡಿ. ತಲೆನೋವು ಹೋಯಿತು, ಕೈಕಾಲು ಸರಿಯಾಯಿತು ಅಂತ ಮನೆಗೆ ಕಳಿಸಿದ ಮೇಲೂ ಸಿಎಸ್‌ಎಫ್ ಒತ್ತಡ ಹೆಚ್ಚೇ ಉಳಿದು ದೃಷ್ಟಿ ಸದ್ದಿಲ್ಲದೆ ಅಂಚಿನಿಂದ ಕುಗ್ಗುತ್ತಾ ಬರಬಹುದು. ಡಿಸ್ಚಾರ್ಜ್‌ಗೆ ಮುಂಚೆ ಎರಡೂ ಕಣ್ಣಿನ ಫಂಡಸ್ (ಒಳಗಿನ ಹಿಂಭಾಗ), ದೃಷ್ಟಿ, ಫೀಲ್ಡ್ (ನೋಟದ ವ್ಯಾಪ್ತಿ) ನೋಡಿ ಸಮ್ಮರಿಯಲ್ಲಿ ಅಂಕಿಸಮೇತ ಬರೆಸಿ. ಡಿಸ್ಕ್ ಊತ ಇದ್ದರೆ ಎರಡು ವಾರಕ್ಕೆ ಮತ್ತೆ ಕರೆಸಿ. ದೃಷ್ಟಿ ಇಳಿಯುತ್ತಿದ್ದು, ಸ್ಕ್ಯಾನಿನಲ್ಲಿ ಒತ್ತುವಂಥ ಬಾವು ಇಲ್ಲದಿದ್ದರೆ ಸಿಎಸ್‌ಎಫ್ ಹುಟ್ಟುವುದನ್ನು ಕಡಿಮೆ ಮಾಡುವ ಅಸೆಟಜೋಲಮೈಡ್ ಕೊಡುತ್ತೇವೆ, ಬೆನ್ನಿನಿಂದ ಸಿಎಸ್‌ಎಫ್ ತೆಗೆಯುತ್ತೇವೆ. ತೆಗೆಯುವ ಮುಂಚೆ ಎನಾಕ್ಸಪಾರಿನ್‌ನ ಕೊನೆಯ ಡೋಸ್ ಆಗಿ 24 ಗಂಟೆ ಕಳೆದಿರಬೇಕು. ಓಪನಿಂಗ್ ಪ್ರೆಶರ್ (ಸೂಜಿ ಒಳಸೇರಿದೊಡನೆ ಅಳೆದ ಒತ್ತಡ) 25 ಸೆಂಮೀ ನೀರು ಮೀರಿದ್ದರೆ ಒತ್ತಡ ಹೆಚ್ಚು ಅಂತ ಲೆಕ್ಕ. ನರ್ಸ್ ಆ ಅಂಕಿ, ತೆಗೆದ ಮಿಲೀ, ಮುಗಿದಾಗಿನ ಒತ್ತಡ ಮೂರನ್ನೂ ಚಾರ್ಟಿನಲ್ಲಿ ಬರೆಯಬೇಕು, ಎನಾಕ್ಸಪಾರಿನ್ ಮತ್ತೆ ಎಷ್ಟು ಗಂಟೆಗೆ ಶುರು ಅನ್ನುವುದನ್ನು ಅಲ್ಲೇ ಕೇಳಿ ಬರೆಸಿಕೊಳ್ಳಬೇಕು.